ಅಂಜನಮ್ಮ ತಂದ ಹೆಪ್ಪು

ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ, ಸಾಫ್ಟ್‌ವೇರ್ ರೂಪದಲ್ಲೇ ಓಡುವ ಕಂಪ್ಯೂಟರುಗಳಾದ ವರ್ಚುವಲ್ ಮೆಷಿನ್‌ಗಳಿಗೆ ಸ್ಟೋರೇಜ್ ಕಟ್ಟುವ ಕೆಲಸ ನನ್ನದಾಗಿತ್ತು. ಅವುಗಳ ಡಿಸ್ಕುಗಳಲ್ಲಿನ ಮಾಹಿತಿಯನ್ನು ಚೂರು ಮಾಡಿ, ಪ್ರತಿ ಚೂರನ್ನೂ ಒಂದೇ ತೆರನಾಗಿ ಮೂರು ಸರ್ವರ್‌ಗಳಲ್ಲಿ ಇಟ್ಟಿದ್ದೆ.

“ಅದ್ಸರಿ ಕೀರ್ತನ, ಅಸಲು ಯಾವ್ದ್ರಲ್ಲಿದೆ?” ಮ್ಯಾನೇಜರ್ ಕಾಂತರಾಜು ನಾಲ್ಕನೇ ಸಲ ಕೇಳಿದರು.

“ಮೂರೂ ಅಸಲೇ ಸಾರ್.”

ಅವರು ನಂಬಲಿಲ್ಲ. ಹೇಳಿ ಹೇಳಿ ಸಾಕಾಗಿ ಒಂದು ಸರ್ವರನ್ನು ಕಿತ್ತೇಬಿಟ್ಟೆ. ಯಾವ ವರ್ಚುವಲ್ ಮೆಷಿನ್ನೂ ನಿಲ್ಲಲಿಲ್ಲ. ಅದರ ಜಾಗಕ್ಕೆ ಖಾಲಿ ಸರ್ವರೊಂದನ್ನು ಸೇರಿಸಿದೆ. ಉಳಿದೆರಡು ಹಸಿರು ದೀಪ ಮಿಣುಕಿಸುತ್ತ, ಸದ್ದಿಲ್ಲದೆ ತಮ್ಮಲ್ಲಿದ್ದ ಚೂರುಗಳಿಂದ ಅದನ್ನು ತುಂಬತೊಡಗಿದವು.

ಆ ಮಿಣುಕನ್ನು ನೋಡುತ್ತ ನಾನೆಲ್ಲೋ ತೇಲಿಹೋದೆ.

ಅಪ್ಪನ ತಾಯಿ, ನನ್ನ ಅಜ್ಜಿ ಕದಿರಮ್ಮ ತೀರಿಕೊಂಡಾಗ, ಸೂತಕವೆಂದು ಮನೆಯಲ್ಲಿದ್ದ ಮೊಸರನ್ನೂ ಚೆಲ್ಲಿದ್ದೆವು. ತಿಥಿ ಮುಗಿದ ಸಂಜೆ ಎದುರುಮನೆಯ ಅಂಜನಮ್ಮ ಬಟ್ಟಲಲ್ಲಿ ಹೆಪ್ಪು ತಂದರು. “ನಿಮ್ಮತ್ತೆ ಕೊಟ್ಟಿದ್ದೇ ಕಣಮ್ಮ, ನಮ್ಮನೇಲಿ ಅದೇ ನಡ್ಕೊಂಡು ಬರ್ತಿದೆ,” ಎಂದು ಅಮ್ಮನ ಕೈಗಿಟ್ಟರು.

ರಾತ್ರಿ ಅದನ್ನು ಹಾಲಿಗೆ ಹಾಕಿಟ್ಟ ಅಮ್ಮ, ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದು, ಬೆರಳದ್ದಿ ರುಚಿ ನೋಡಿದಳು. “ಅತ್ತೆ ಮಾಡ್ತಿದ್ದ ಮೊಸರೇ,” ಎಂದಳು. ಆಮೇಲೆ, ನಮಗೆ ಬಡಿಸುವ ಮೊದಲೇ ಹೆಪ್ಪಿಗೆಂದು ಒಂದು ಬಟ್ಟಲು ತುಂಬಿಸಿಕೊಂಡು, ಏರ್‌ಪೋರ್ಟಿಗೆ ಊರು ಬಿಟ್ಟುಕೊಟ್ಟು ನಮ್ಮ ಬೀದಿಗೆ ಬಂದಿದ್ದ ಹೊಸಬರ ಮನೆಗೆ ನಡೆದಳು.