ಬಾಡಿಗೆ ಹೆಸರು

"ಲೊರೆನಾ, ಕಿವೀಲಿ ಮಣ್ ತುಂಬ್ಕಂಡಿದ್ದೀಯೇನೆ ಗಿಡ್ಮುಂಡೆ? ಬೆಟ್ಟ ಇಳ್ದು ಬರೋವಾಗ ಕಿವಿ ಅಲ್ಲೇ ಬಿಟ್ ಬಂದ್ಯಾ?"

ಮೇಸ್ತ್ರಿ ರೆಮೀಹಿಯೊ ದ್ರಾಕ್ಷಿ ಸಾಲಿನ ತುದಿಯಲ್ಲಿ ನಿಂತು ಕೂಗುತ್ತಿದ್ದ. ಪಕ್ಕದ ಸಾಲಿನಲ್ಲಿ ಮಂಡಿಯೂರಿ ಗೊಂಚಲು ಕೊಯ್ಯುತ್ತಿದ್ದ ಎಪಿಫಾನಿಯಾ ತಲೆಯನ್ನೇ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಲೊರೆನಾ ಅವಳ ಹೆಸರಲ್ಲ. ನಾನು ಬಳ್ಳಿಯ ಸಂದಿಯಲ್ಲಿ ಕೈ ತೂರಿಸಿ ಅವಳ ಬೆನ್ನಿಗೊಂದು ಗುದ್ದಿದೆ.

"ನಿನ್ನೇ ಕಣೆ ಕೂಗ್ತಾವ್ನೆ."

"ಇಲ್ಲಿದೀನಿ ಮೇಸ್ತ್ರಿ," ಎಂದು ದಡಕ್ಕನೆ ಎದ್ದಳು. ಎದ್ದ ರಭಸಕ್ಕೆ ಕೊಕ್ಕೆಚೂರಿ ಅಂಗೈಯನ್ನೇ ಸೀಳಿತು. ರೆಮೀಹಿಯೊ ನಕ್ಕ. "ಇನ್ಮೇಲೆ ಗ್ಯಾಪ್ಕ ಇರ್ತದೆ ಬಿಡು," ಎಂದ.

ಇದು ಅವಳು ಕೆಲಸಕ್ಕೆ ಸೇರಿದ ಹೊಸದರ ಮಾತು. ಗಡಿಯಾಚೆಯ ಬೆಟ್ಟಗಳಿಂದ ಬಂದ, ಕಾಗದಪತ್ರ ಇಲ್ಲದ ನಮ್ಮಂಥವರಿಗೆ ಕ್ಯಾಲಿಫೋರ್ನಿಯಾದ ಈ ಕಣಿವೆಯಲ್ಲಿ ಹೆಸರನ್ನೂ ಮೇಸ್ತ್ರಿಯೇ ಕೊಡುತ್ತಾನೆ. ಎಲ್ಲೋ ಒಬ್ಬ ನಿಜವಾದ ಲೊರೆನಾ ಇದ್ದಾಳೆ, ಅವಳ ಕಾಗದ ಇವಳಿಗೆ. ಅದರ ಬಾಡಿಗೆಯನ್ನು ವಾರವಾರವೂ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ನಾನು ಮನೆಯಲ್ಲಿ ಹೋವಿತಾ, ತೋಟದಲ್ಲಿ ಸಿಲ್ವಿಯಾ. ಧಣಿಗೆ ಇದು ಗೊತ್ತಿಲ್ಲವೇ ಅಂತ ನೀವು ಕೇಳಬಹುದು. ಗೊತ್ತಿದೆ. ಅವನು ಕೇಳುವುದಿಲ್ಲ, ಅಷ್ಟೆ.

ಆಮೇಲೆ ಎಷ್ಟೋ ಸುಗ್ಗಿ ಕಳೆದವು. ಎಪಿಫಾನಿಯಾ ಎಷ್ಟು ಪಳಗಿದಳೆಂದರೆ, ಲೊರೆನಾ ಎಂದರೆ ನಿದ್ದೆಗಣ್ಣಲ್ಲೂ "ಇಲ್ಲಿದೀನಿ ಮೇಸ್ತ್ರಿ" ಅನ್ನುತ್ತಿದ್ದಳು. ಎಪಿಫಾನಿಯಾ ಎಂದು ಕರೆದರೆ ಮಾತ್ರ, ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ನಾವು ಅದನ್ನೇ ಹೇಳಿಕೊಂಡು ನಗುತ್ತಿದ್ದೆವು. ನಗದೆ ಇನ್ನೇನು ಮಾಡುವುದು, ಹಾಳಾದ್ದು.

ಅವಳಿಗೆ ಒಬ್ಬಳೇ ಮಗಳು, ಯೂರಿಡಿಯಾ. ಇಲ್ಲೇ ಹುಟ್ಟಿದವಳು, ಒಂದೇ ಹೆಸರಿನವಳು. ಈ ಆಗಸ್ಟಿನಲ್ಲಿ ಕಣಿವೆಯ ಆಚೆ ತುದಿಯ ಕಮ್ಯುನಿಟಿ ಕಾಲೇಜಿಗೆ ಸೇರಿದಳು. ನಮ್ಮ ಕೂಲಿ ಸಾಲುಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ನಮ್ಮಂಥವರ ಮಕ್ಕಳು ಮೊದಲ ವರ್ಷವೇ ಹೆದರಿ ಬಿಟ್ಟು ಓಡಿಬರುತ್ತಾರೆಂದು ಕೌಂಟಿಯವರು, ಅಂದರೆ ಇಲ್ಲಿನ ಜಿಲ್ಲಾ ಆಡಳಿತದವರು, ಒಂದಿಷ್ಟು ಹಣ ತೆಗೆದಿಟ್ಟಿದ್ದರು. ಆ ಹಣದಲ್ಲೇ ಸಾಲುಮನೆಯ ಮುಂದೆ ಬಸ್ಸು ಬಂದು ನಿಲ್ಲುತ್ತಿತ್ತು, ಪುಸ್ತಕ ಸಿಗುತ್ತಿತ್ತು, ಮಧ್ಯಾಹ್ನದ ಊಟ ಸಿಗುತ್ತಿತ್ತು. ಪಾಠ ತಲೆಗೆ ಹತ್ತದ ದಿನ ಪಕ್ಕದಲ್ಲಿ ಕೂತು ಹೇಳಿಕೊಡಲು ಒಬ್ಬ ಮೇಡಂ ಇದ್ದರು. ಬೆಳಿಗ್ಗೆ ಆ ಬಸ್ಸು ತಿರುವು ದಾಟುವವರೆಗೂ ಎಪಿಫಾನಿಯಾ ಬಾಗಿಲಲ್ಲೇ ನಿಂತಿರುತ್ತಿದ್ದಳು. ಕೆಲಸಕ್ಕೆ ತಡವಾಗಿ ಬೈಸಿಕೊಂಡರೂ ಅವಳಿಗೆ ಚಿಂತೆ ಇರಲಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ ಯೂರಿ ಬಂದವಳೇ ರೊಟ್ಟಿ, ಕಾಳು ಮುಟ್ಟದೆ ಕೂತಳು. ಅವತ್ತು ನಾನೂ ಅವರ ಮನೆಯಲ್ಲೇ ಇದ್ದೆ.

"ಬಸ್ಸು ನಿಲ್ಲಿಸ್ತಾರಂತೆ ಅವ್ವ."

"ಯಾರು?"

"ಕೌಂಟಿ ಸಭೆಯೋರು. ನಮ್ ದುಡ್ಡು ವಾಪಸ್ ತಗೋತಾರಂತೆ. ಮಂಗಳವಾರ ಮತ ಹಾಕ್ತಾರೆ. ಮಕ್ಕಳೇ ಬಂದು ಮಾತಾಡಿ, ಅಪ್ಪ ಅವ್ವನ್ನೂ ಕರ್ಕೊಂಡ್ ಬನ್ನಿ ಅಂದ್ರು ಮೇಡಂ. ತಾಯಿ ಮುಖ ನೋಡಿದ್ರೆ ಸದಸ್ಯರು ಕರಗ್ತಾರಂತೆ."

"ಕರಗಾಕೆ ಅವ್ರೇನು ಹಂದಿ ಕೊಬ್ಬಾ?" ಎಂದೆ ನಾನು.

ಯೂರಿ ನಗಲಿಲ್ಲ. "ಸಭೆ ಅಧ್ಯಕ್ಷ ಸ್ಟ್ರೌಡ್, ಚಿಕ್ಕವ್ವ," ಎಂದಳು.

ನನ್ನ ಬಾಯಿಯ ತುತ್ತು ಅಲ್ಲೇ ನಿಂತಿತು. ವೆಂಡೆಲ್ ಸ್ಟ್ರೌಡ್ ಅಂದರೆ ನಮ್ಮ ಧಣಿ. ನಾವು ಕೊಯ್ಯುವುದು ಅವನ ದ್ರಾಕ್ಷಿಯನ್ನೇ.

"ಬ್ಯಾಡ ಕಣವ್ವ," ಎಂದಳು ಎಪಿಫಾನಿಯಾ. ಧ್ವನಿ ಆಗಲೇ ಇಳಿದುಹೋಗಿತ್ತು. "ಅವ್ನ ಮುಂದೆ ಹೋಗಿ ನಿಂತ್ರೆ ನಾಳೀಕೆ ಕೆಲ್ಸ ಇರಾಕಿಲ್ಲ. ಕೆಲ್ಸ ಹಾಳಾಗೋಗ್ಲಿ, ಹಿಡ್ಕಂಡ್ ಹೋಗ್ಬುಟ್ರೆ? ಗಡಿ ಆಚೆ ಎಸ್ದುಬುಟ್ರೆ ನೀ ಒಬ್ಳೇ ಏನ್ ಮಾಡೀಯೆ?"

"ಬಸ್ಸಿಲ್ದೆ ಅಷ್ಟು ದೂರ ಹೆಂಗೆ ಹೋಗ್ಲಿ? ನಂಗೂ ಒಂದು ಚೂರಿ ಕೊಡ್ಸು. ನಾಳೆಯಿಂದ ನಿನ್ ಪಕ್ಕದ ಸಾಲಲ್ಲೇ ಕೂತ್ಕೋತೀನಿ."

ಎಪಿಫಾನಿಯಾ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯನ್ನು ಹಾಗೇ ಇಳಿಸಿ ಲಂಗಕ್ಕೆ ಒರೆಸಿಕೊಂಡಳು. "ಆ ಮಾತ ಇನ್ನೊಂದ್ ದಪ ಆಡ್ಬ್ಯಾಡ."

ಆಗ ನಾನೇ ಒಂದು ದಾರಿ ಹೇಳಿದೆ. "ಧಣಿ ನಮ್ ಮುಖ ಎಲ್ಲಿ ಕಂಡವ್ನೆ? ಟೋಪಿ, ಮೂಗಿಗ್ ಕಟ್ಟಿದ ಬಟ್ಟೆ, ಎಲ್ಡು ಕಣ್ಣು, ಅಷ್ಟೇಯ. ಬೋಳು ಮುಖದಲ್ಲಿ ಹೋಗಿ ಎದ್ರಿಗೆ ನಿಂತ್ರೂ ಅವ್ನಿಗೆ ಗುರ್ತು ಸಿಕ್ಕಾಕಿಲ್ಲ." ಆಡುವಾಗ ಧೈರ್ಯವಾಗಿಯೇ ಆಡಿದೆ. ಆಮೇಲೆ ನನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಡುಗಿದೆ.

ಮಂಗಳವಾರ ಮೈಗೆ ಹುಷಾರಿಲ್ಲ ಎಂದು ಮೇಸ್ತ್ರಿಗೆ ಹೇಳಿಕಳಿಸಿ ಮೂವರೂ ಹೊರಟೆವು. ಸಭಾಂಗಣದ ಬಾಗಿಲಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡ ಪೊಲೀಸಿನವನು ನಿಂತಿದ್ದ. ಅವನನ್ನು ಕಂಡದ್ದೇ ತಡ, ನನಗೆ ಉಚ್ಚೆ ಒತ್ತಿಬಂತು. ಎಪಿಫಾನಿಯಾ ನನ್ನ ಕೈ ಹಿಡಿದಳು. ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಕೊಟ್ಟರು. ಅಲ್ಲಿ ಇಂಗ್ಲಿಷಿನಲ್ಲಿ ಆಡಿದ್ದನ್ನು ಒಬ್ಬ ಹೆಂಗಸು ಅದರೊಳಗೆ ಸ್ಪ್ಯಾನಿಷಿಗೆ ತಿರುಗಿಸಿ ಹೇಳುತ್ತಿದ್ದಳು. ನಮ್ಮ ಬೆಟ್ಟದ ಭಾಷೆಗೆ ತಿರುಗಿಸುವವರು ಯಾರೂ ಇರಲಿಲ್ಲ. ಅಂಥದ್ದೊಂದು ಭಾಷೆ ಇದೆ ಎನ್ನುವುದೇ ಅವರಿಗೆ ತಿಳಿಯದು.

ಸ್ಟ್ರೌಡ್ ಎತ್ತರದ ಪೀಠದ ನಡುವೆ ಕೂತಿದ್ದ. ಅಜ್ಜನಂಥ ಮುಖ, ಮೆತ್ತನೆಯ ಮಾತು.

"ನನ್ನ ತೋಟದಲ್ಲೂ ಇಂಥ ಜನ ಇದ್ದಾರೆ. ಒಳ್ಳೇ ಜನ. ಆದ್ರೆ ನಿಜ ಹೇಳ್ಬೇಕಲ್ಲ, ಇವರ ಮಕ್ಕಳು ಕ್ರಿಸ್‌ಮಸ್ ಹೊತ್ತಿಗೆಲ್ಲ ಕಾಲೇಜು ಬಿಟ್ಟು ಬಳ್ಳಿ ಬುಡಕ್ಕೇ ಬರ್ತಾರೆ. ಹಣ್ಣು ಕೊಯ್ಯೋಕೆ ಕೈ ಸಿಗ್ತಿಲ್ಲ, ನಾವು ನೋಡಿದ್ರೆ ದುಡ್ಡು ಕೊಟ್ಟು ಆ ಕೈಗಳನ್ನೇ ಬಸ್ಸು ಹತ್ತಿಸಿ ಕಳಿಸ್ತಿದೀವಿ."

ಕೆಲವರು ನಕ್ಕರು.

"ಬೇಕಾದ್ರೆ ನಮ್ಮ ಮೇಸ್ತ್ರೀನೇ ಕೇಳಿ. ಕರ್ಕೊಂಡ್ ಬಂದಿದೀನಿ, ಹಿಂದೆ ಕೂತಿದ್ದಾರೆ."

ನನ್ನ ಕತ್ತು ತಾನಾಗಿ ಹಿಂದಕ್ಕೆ ತಿರುಗಿತು. ಬಾಗಿಲ ಹತ್ತಿರದ ಸಾಲಿನಲ್ಲಿ ರೆಮೀಹಿಯೊ ಇದ್ದ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಟೋಪಿ. ಧಣಿಗೆ ನಮ್ಮ ಮುಖ ಗೊತ್ತಿಲ್ಲದಿರಬಹುದು, ಇವನಿಗೆ ನಮ್ಮ ಹಲ್ಲೂ ಗೊತ್ತು. ಅವನು ನಮ್ಮನ್ನೇ ನೋಡುತ್ತಿದ್ದ.

"ಎದ್ದೋಗವ ನಡಿಯೇ," ಎಂದು ಎಪಿಫಾನಿಯಾಳ ಕಿವಿಯಲ್ಲಿ ಹೇಳುವಷ್ಟರಲ್ಲಿ ಯೂರಿಯ ಹೆಸರು ಕರೆದರು. ಅವಳು ಅವ್ವನ ಕೈ ಹಿಡಿದು ಮೈಕಿನ ಮುಂದೆ ಕರೆದುಕೊಂಡು ಹೋದಳು. ಮೈಕಿನ ಪಕ್ಕ ಹಸಿರು ದೀಪ ಹತ್ತಿತು. ಅದು ಕೆಂಪಾಗುವವರೆಗೆ ಮಾತಾಡಬಹುದು.

"ನಾನು ಯೂರಿಡಿಯಾ, ಮೊದಲನೇ ವರ್ಷ. ಇವರು ನಮ್ಮ ತಾಯಿ ಎಪಿಫಾನಿಯಾ," ಎಂದಳು. ಮಗು ಹಾಳೆ ನೋಡದೆ ಮಾತಾಡಿತು. "ಕ್ರಿಸ್‌ಮಸ್ ಹೊತ್ತಿಗೆ ನಾವು ಬಿಟ್ ಹೋಗ್ತೀವಿ ಅಂತೀರಿ. ನಾನು ಕಾಲೇಜು ಬಿಡಲ್ಲ ಸಾರ್. ಬಸ್ಸು ನನ್ನನ್ನ ಬಿಟ್ ಹೋದ್ರೆ ನಾನೇನು ಮಾಡ್ಲಿ?"

ಅಷ್ಟರಲ್ಲಿ ಹಿಂದಿನಿಂದ ಒಂದು ಧ್ವನಿ ಬಂತು. ಜೋರಾಗಿ ಏನೂ ಅಲ್ಲ. ಗದರಿಸಿ ಕೂರಿಸುವವನ ಧ್ವನಿ.

"ಲೊರೆನಾ."

ಎಪಿಫಾನಿಯಾಳ ಬೆನ್ನು ನೆಟ್ಟಗಾಯಿತು. "ಇಲ್ಲಿದೀನಿ ಮೇಸ್ತ್ರಿ," ಎಂದಳು.

ಎದುರಿಗೇ ಮೈಕಿತ್ತು. ನಾಲ್ಕೂ ಗೋಡೆಗಳಿಂದ ಅವಳ ಧ್ವನಿ ಬಂತು. ಬಾಯಿಂದ ಏನು ಬಂತೆಂದು ಅವಳಿಗೆ ಆಮೇಲೆ ತಿಳಿಯಿತು. ಬಾಯಿ ಮುಚ್ಚಿಕೊಂಡಳು.

"ಯಾರದು ಲೊರೆನಾ?" ಎಂದ ಸ್ಟ್ರೌಡ್. ಕೇಳಿದ ಮೇಲೆ ಅವನ ಕಣ್ಣು ರೆಮೀಹಿಯೊನ ಮೇಲೆ ಬಿತ್ತು. ಅರ್ಥವಾಯಿತು ಮುದುಕನಿಗೆ. ನೀರಿನ ಲೋಟ ಎತ್ತಿ ಗಟಗಟ ಕುಡಿದ. "ಆಯ್ತು, ನಿಮ್ಮ ಸಮಯ ಮುಗೀತು. ಮುಂದಿನವರು ಬನ್ನಿ."

"ಇನ್ನೂ ಹಸಿರು ದೀಪ ಇದೆ ಅಧ್ಯಕ್ಷರೇ," ಎಂದಳು ಪಕ್ಕದ ಸದಸ್ಯೆ. "ಆ ತಾಯಿ ಏನೋ ಹೇಳೋಕೆ ಹೊರಟಿದ್ದಾರೆ. ಹೇಳ್ಲಿ."

ಎಪಿಫಾನಿಯಾ ಒಮ್ಮೆ ಹಿಂದಕ್ಕೆ ನೋಡಿದಳು. ಆಮೇಲೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಬೆಟ್ಟದ ಭಾಷೆಯಲ್ಲೇ ಶುರುಮಾಡಿದಳು.

"ನಮ್ಮವ್ವ ಮಡಗಿದ ಹೆಸ್ರು ಎಪಿಫಾನಿಯಾ. ಈ ಧಣಿ ತ್ವಾಟದಲ್ಲಿ ಲೊರೆನಾ. ಆ ಹೆಸ್ರ ಕೊಟ್ಟೋನು ಅಗಾ, ಬಾಕ್ಲತ್ರ ಕುಂತವ್ನೆ. ವಾರವಾರ ಅದ್ರ ಬಾಡ್ಗೆ ಮುರ್ಕತ್ತಾನೆ. ಧಣಿಗೂ ಗೊತ್ತು. ನಂಗೆ ಭಯ ಆಯ್ತದೆ. ಈಗ್ಲೂ ಆಯ್ತಾ ಅದೆ. ನನ್ ಮಗೀಗೆ ಹಿಂಗೆ ಇನ್ನೊಬ್ರ ಹೆಸ್ರು ಬ್ಯಾಡ. ಅವ್ಳ ಬಸ್ಸ ನಿಲ್ಲಿಸ್ಬ್ಯಾಡಿ."

ಇಡೀ ಸಭೆಯಲ್ಲಿ ಅದು ಅರ್ಥವಾದದ್ದು ನನಗೆ ಮತ್ತು ಯೂರಿಗೆ ಮಾತ್ರ. ಸ್ಪ್ಯಾನಿಷ್ ಆಡುವ ರೆಮೀಹಿಯೊನಿಗೂ ಆಗಲಿಲ್ಲ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಏನು ಹೇಳಿದ್ರು?" ಸದಸ್ಯೆ ಕೇಳಿದಳು.

ಯೂರಿ ನನ್ನ ಕಡೆ ನೋಡಿದಳು. ಬೇಡ ಎಂದು ತಲೆಯಾಡಿಸಿದೆ. ಕೂತಲ್ಲಿಂದಲೇ ನಮ್ಮ ಭಾಷೆಯಲ್ಲಿ, "ದೇವ್ರು ನಿಮ್ಗೆ ಒಳ್ಳೇದ್ ಮಾಡ್ಲಿ ಅಂದ್ಲು ಅಂತ ಹೇಳ್ಬುಡವ್ವ, ಯಾರಿಗ್ ತಿಳೀತದೆ," ಎಂದೆ. ನಿಜಕ್ಕೂ ಯಾರಿಗೂ ತಿಳಿಯುತ್ತಿರಲಿಲ್ಲ. ನಾವು ಮೂವರೂ ಮನೆಗೆ ಹೋಗಬಹುದಿತ್ತು.

"ನಾ ಹೇಳಿದ್ದನ್ನೇ ಹೇಳು," ಎಂದಳು ಎಪಿಫಾನಿಯಾ. "ನಿನ್ನ ಓದಾಕ್ ಕಳ್ಸಿರಾದು ಯಾಕೆ ಮತ್ತೆ?"

ಹುಡುಗಿ ಮೈಕಿನ ಕಡೆ ಬಾಗಿದಳು. ಹೇಳಿದಳು. ಒಂದು ಮಾತೂ ಬಿಡದೆ, ಬಾಡಿಗೆಯನ್ನೂ ಬಿಡದೆ, ಧಣಿಯನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಕಿವಿಯೊಳಗಿನ ಹೆಂಗಸು ಅದನ್ನೇ ಸ್ಪ್ಯಾನಿಷಿನಲ್ಲಿ ಹೇಳತೊಡಗಿದಳು. ನಡುವೆ ಅವಳ ಧ್ವನಿಯೂ ತಡವರಿಸಿತು. ಅದೇ ಮಾತನ್ನು ನಾನು ಮೂರು ಭಾಷೆಯಲ್ಲಿ ಕೇಳಬೇಕಾಯಿತು. ಪ್ರತಿ ಸಲ ಕೇಳಿದಾಗಲೂ ನಾವು ಇನ್ನಷ್ಟು ಸಿಕ್ಕಿಬಿದ್ದಂತೆ ಅನ್ನಿಸಿತು.

ಕೊನೆಗೆ ಕೆಳಗೆ ಕೂತು ಸಭೆಯ ಮಾತು ಬರೆದುಕೊಳ್ಳುತ್ತಿದ್ದ ಗುಮಾಸ್ತೆ ತಲೆ ಎತ್ತಿ, "ಕ್ಷಮಿಸಿ, ಇವರದು ಯಾವ ಹೆಸರು ಬರ್ಕೊಳ್ಳಿ?" ಎಂದಳು.

ಯೂರಿ ಅವ್ವನಿಗೆ ತಿರುಗಿಸಿ ಕೇಳಿದಳು.

"ಎಲ್ಡೂ ಬರ್ಕೊ ಅನ್ನು."

ಸ್ಟ್ರೌಡ್ ಬಾಗಿಲಿನ ಕಡೆ ನೋಡಿ ಗದ್ದ ಅಲ್ಲಾಡಿಸಿದ. ಪೊಲೀಸಿನವನು ಗೋಡೆ ಬಿಟ್ಟು ಹೊರಟ. ರೆಮೀಹಿಯೊ ಅಷ್ಟರಲ್ಲಿ ಎದ್ದು ಟೋಪಿ ಹಾಕಿಕೊಂಡಿದ್ದ. ಪೊಲೀಸಿನವನು ಪಕ್ಕಕ್ಕೆ ಸರಿದು ಅವನಿಗೆ ಹೊರಗೆ ಹೋಗಲು ದಾರಿ ಬಿಟ್ಟು, ನಡುವಿನ ಹಾದಿಯಲ್ಲಿ ನಮ್ಮ ಕಡೆಗೆ ಇಳಿದುಬಂದ. ಬಸ್ಸಿನ ಮತ ಇನ್ನೂ ಹಾಕಿರಲಿಲ್ಲ. ಯೂರಿ ಅವ್ವನನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ನಿಂತಳು.

ನನ್ನ ಪಕ್ಕದಲ್ಲಿ ಗೋಡೆಗೆ ಒಂದು ಸಣ್ಣ ಬಾಗಿಲಿತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎದ್ದೆ. ಮೈಕಿನ ತನಕ ಹೇಗೆ ಹೋದೆನೋ ಗೊತ್ತಿಲ್ಲ.

"ಇನ್ನೊಂದ್ ಹೆಸ್ರು ಬರ್ಕೊ ಅನ್ನವ್ವ," ಎಂದೆ ಯೂರಿಗೆ. "ಹೋವಿತಾ."

ಗುಮಾಸ್ತೆ ಅಕ್ಷರ ಹೇಳಿ ಎಂದಳು. ಯೂರಿ ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು. ಪೊಲೀಸಿನವನ ಬೂಟಿನ ಸದ್ದು ನನ್ನ ಬೆನ್ನ ಹಿಂದೆಯೇ ಬಂದು ನಿಂತಿತು.