ಹಿಂಬಾಗಿಲ ಕ್ಯಾಮೆರಾ

ಕ್ಯಾಮೆರಾ ಅಂಗಡಿಯವನಿಗೆ ನಾನು ಕಳ್ಳರ ಕಾಟ ಎಂದೇ ಹೇಳಿದೆ. ಗಂಡನನ್ನು ಕಾಯುವುದಕ್ಕೆ ಕ್ಯಾಮೆರಾ ಬೇಕು ಎಂದು ಯಾವ ಹೆಂಗಸು ತಾನೇ ಬಾಯಿಬಿಟ್ಟು ಹೇಳುತ್ತಾಳೆ? ಹೇಳಿದ್ದರೆ ಅವನು ಬೇರೆಯೇ ಅರ್ಥ ಮಾಡಿಕೊಂಡು ಒಳಗೊಳಗೇ ನಗುತ್ತಿದ್ದ. ನಮ್ಮನೆಯವರಿಗೆ ಆ ಚಪಲವೆಲ್ಲ ಇರಲಿಲ್ಲ. ಅವರಿಗೆ ಮರೆವು ಶುರುವಾಗಿತ್ತು. ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವಲ್ಲ. ಬಚ್ಚಲಿಂದ ಮುಖ ಒರೆಸಿಕೊಳ್ಳುತ್ತ ಬಂದು, ಹಜಾರದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನನ್ನು ನೋಡಿ, "ಯಾರು ಬೇಕಿತ್ತು?" ಎಂದು ಕೇಳುವ ಮರೆವು. ಮನೆಬಿಟ್ಟು ಹೋಗಿ ದಾರಿ ತಪ್ಪಿದ್ದೂ ಆಗಿತ್ತು. ಒಮ್ಮೆ ತರಕಾರಿಯವನು ಕೈ ಹಿಡಿದು ಕರೆತಂದು ಬಿಟ್ಟುಹೋದ.

ಡಾಕ್ಟರು, "ಕೂಡಿಹಾಕಬೇಡಿ, ರೇಗ್ತಾರೆ. ಕಣ್ಣಿಟ್ಟಿರಿ ಸಾಕು" ಎಂದರು. ಹೇಳುವುದಕ್ಕೇನು, ಆಡುವ ನಾಲಿಗೆಗೆ ಎಲುಬಿಲ್ಲ. ನನಗಿರುವುದು ಎರಡೇ ಕಣ್ಣು, ಅವೆರಡೂ ಹೊಲಿಗೆ ಮಿಷನ್ನಿನ ಸೂಜಿಯ ಮೇಲಿರಬೇಕು. ನನ್ನ ಟೈಲರ್ ಅಂಗಡಿ ಇರುವುದು ನಮ್ಮ ಕಾಂಪೌಂಡಿನೊಳಗೇ, ಗೇಟಿನ ಪಕ್ಕದ ಶೆಡ್ಡಿನಲ್ಲಿ. ಅಲ್ಲಿಂದ ಮನೆಯ ಮುಂಬಾಗಿಲು ಓರೆಯಾಗಿ ಕಾಣುತ್ತದೆ. ಹಿಂಬಾಗಿಲು ಕಾಣುವುದಿಲ್ಲ. ಹಿಂದೆ ಇಳಿದರೆ ಬಟ್ಟೆ ಒಗೆಯುವ ಕಲ್ಲು, ಪುಟ್ಟ ಗೇಟು, ಆಮೇಲೆ ಓಣಿ. ಓಣಿಯಲ್ಲಿ ಎಡಕ್ಕೆ ತಿರುಗಿದರೆ ಲಾರಿಗಳು ಓಡಾಡುವ ದೊಡ್ಡ ರಸ್ತೆ. ನನಗೆ ಹೆದರಿಕೆ ಇದ್ದದ್ದು ಆ ರಸ್ತೆಯದು.

ಅದಕ್ಕಿಂತ ದೊಡ್ಡ ಹೆದರಿಕೆ ಮಹಡಿಯ ಮೇಲಿತ್ತು. ಅಲ್ಲಿ ನನ್ನ ವಾರಗಿತ್ತಿ ಇದ್ದಾಳೆ, ನಮ್ಮನೆಯವರ ಅಣ್ಣನ ಹೆಂಡತಿ. ಭಾವನವರು ತೀರಿಕೊಂಡ ದಿನ ನೆಂಟರೆಲ್ಲ ಕೇಳುವ ಹಾಗೆ, "ಸಾವಿನ ಮನೆಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ಬಂದಿದಾಳೆ, ನೋಡಿ" ಅಂದಿದ್ದಳು. ಟೈಲರಮ್ಮನ ಮನೆಯಲ್ಲಿ ಇಸ್ತ್ರಿ ಮಾಡದ ಬಟ್ಟೆ ಎಲ್ಲಿರುತ್ತದೆ? ನಾನೂ ಸುಮ್ಮನಿರಲಿಲ್ಲ, ನೆಂಟರೆಲ್ಲ ಕೇಳುವ ಹಾಗೆಯೇ ಉತ್ತರ ಕೊಟ್ಟೆ. ಅಂದಿನಿಂದ ಮೇಲಿನ ಮನೆಗೂ ಕೆಳಗಿನ ಮನೆಗೂ ಎಣ್ಣೆ ಸೀಗೆಕಾಯಿ. ನಮ್ಮನೆಯವರಿಗೂ ಹೇಳಿಬಿಟ್ಟಿದ್ದೆ, ಆ ಮೆಟ್ಟಿಲು ಹತ್ತಿದರೆ ಮತ್ತೆ ನನ್ನ ಕೈಯಡುಗೆ ಕೇಳಬೇಡಿ ಎಂದು. ಪಾಪ, ಹತ್ತಲಿಲ್ಲ. ಈಗ ಅವರ ತಲೆ ಹೀಗಾಗಿದೆ ಎಂದು ಅವಳಿಗೆ ತಿಳಿದರೆ ಬೀದಿಗೆಲ್ಲ ಡಂಗುರ ಹೊಡೆಸುತ್ತಾಳೆ, ನನ್ನ ಬಾಯಿಗೆ ಹೆದರಿ ಬುದ್ಧಿ ಕಳಕೊಂಡ ಅನ್ನುತ್ತಾಳೆ. ಅದಕ್ಕೇ ಮುಚ್ಚಿಟ್ಟೆ.

ಅಂಗಡಿಯವನು ಮೊದಲು ವೈರಿಲ್ಲದ ಕ್ಯಾಮೆರಾ ತೋರಿಸಿದ. ಮೊಟ್ಟೆಯಷ್ಟೇ ಗಾತ್ರ, ನೋಡಲು ಚಂದ. ಮೊಬೈಲಿನಲ್ಲೇ ಎಲ್ಲ ಕಾಣುತ್ತದೆ ಅಂದ.

"ಇಂಟರ್ನೆಟ್ ಹೋದ್ರೆ?" ಎಂದೆ.

"ಹೋದಾಗ ಕಾಣಲ್ಲ, ಬಂದಮೇಲೆ ಕಾಣುತ್ತೆ."

"ಅಷ್ಟರಲ್ಲಿ ಹೋಗೋರು ಹೋಗಿರ್ತಾರೆ. ವೈರ್ ಇರೋದು ಕೊಡಿ. ಒಂದು ತುದಿ ಬಾಗಿಲಲ್ಲಿ, ಇನ್ನೊಂದು ತುದಿ ನನ್ನ ಕಣ್ಣೆದುರಿಗೆ ಇರಬೇಕು."

ನಾಲ್ಕು ಕ್ಯಾಮೆರಾ, ರೆಕಾರ್ಡ್ ಮಾಡುವ ಒಂದು ಡಬ್ಬಿ, ಮಿಷನ್ನಿನ ಪಕ್ಕದಲ್ಲಿಡುವ ಚಿಕ್ಕ ಟಿವಿ. ವೈರು ತೆಳ್ಳಗಿನದು ಬೇಡ, ಒಳಗೆ ಅಸಲಿ ತಾಮ್ರ ಇರುವುದೇ ಬೇಕು ಎಂದು ತುದಿ ಸುಲಿಸಿ ನೋಡಿದೆ. ಬಟ್ಟೆಯ ನೂಲು ಎಳೆದು ನೋಡುವವಳನ್ನು ವೈರಿನಲ್ಲಿ ಯಾಮಾರಿಸುವುದು ಅಷ್ಟು ಸುಲಭವಲ್ಲ.

ಕ್ಯಾಮೆರಾ ಕೂರಿಸುವವನು ಡ್ರಿಲ್ಲಿಂಗ್ ಮಿಷನ್ನು ಹಿಡಿದು ಬಂದ. ಹಿಂದಿನ ವೈರು ಮುಂದಕ್ಕೆ ಬರಬೇಕಾದರೆ ಮಹಡಿ ಮೆಟ್ಟಿಲ ಅಡಿಯಿಂದಲೇ ಬರಬೇಕು, ಆ ಜಾಗ ಎರಡು ಮನೆಗೂ ಸೇರಿದ್ದು. ಅವನು ಮೊದಲ ತೂತು ಕೊರೆಯುವ ಹೊತ್ತಿಗೆ ಮೇಲಿನವಳು ಮೆಟ್ಟಿಲ ಮೇಲೆ ಪ್ರತ್ಯಕ್ಷಳಾದಳು. ನಾನು ಕೆಳಗೆ ನಿಂತಿದ್ದೆ. ನಡುವೆ ಅವನು, ತಲೆಯ ಮೇಲೆ ಸುಣ್ಣದ ಪುಡಿ.

"ಕೇಳಪ್ಪ ಅವರನ್ನ, ಗೋಡೆ ಯಾರದು ಅಂತ ನೆನಪಿದೆಯಾ?" ಎಂದಳು.

"ಹೇಳಪ್ಪ ಅವರಿಗೆ, ಗೋಡೆಯ ಈ ಮಗ್ಗುಲು ನಮ್ಮದು" ಎಂದೆ.

ಅವನು ಮೇಲೆ ನೋಡಿದ, ಕೆಳಗೆ ನೋಡಿದ. "ಇಬ್ರಿಗೂ ಕೇಳಿಸ್ತಲ್ಲ, ನಾನು ಮತ್ತೆ ಹೇಳ್ಬೇಕಾ?" ಎಂದ. ಹೇಳಲೇಬೇಕಾಯಿತು.

ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯುತ್ತದಂತೆ. ಇವಳು ಅದನ್ನೂ ಮೀರಿಸಿದವಳು, ನಾನು ಎಳೆದ ಕಡೆಗೇ ನನಗಿಂತ ಜೋರಾಗಿ ಎಳೆಯುತ್ತಾಳೆ. ಊಟದ ಹೊತ್ತಿಗೆ ಅವನನ್ನು ಮೇಲಕ್ಕೆ ಕರೆದು ತನಗೂ ಅಂಥದೇ ನಾಲ್ಕು ಕ್ಯಾಮೆರಾ, ಅಂಥದೇ ಡಬ್ಬಿ, ಟಿವಿ ಮಾತ್ರ ನನ್ನದಕ್ಕಿಂತ ದೊಡ್ಡದು ಬೇಕೆಂದಳು. ಅವನಿಗೇನು, ವ್ಯಾಪಾರ. ಅಂದೇ ತಂದು, ಎರಡು ಮನೆಯ ಹಿಂದಿನ ವೈರುಗಳನ್ನೂ ಒಂದೇ ಪೈಪಿನಲ್ಲಿ ತೂರಿಸಿದ. ಎರಡೂ ಬಿಳಿ ವೈರು.

ಕೊನೆಗೆ ಅವನು ಬೆವರು ಒರೆಸಿಕೊಂಡು, "ಹಿಂದಿನವೆರಡೂ ಒಂದೇ ಪೈಪಲ್ಲಿವೆ. ಒಂದ್ಸಲ ಒಟ್ಟಿಗೆ ನೋಡ್ಬೇಕು. ನಾನು ಹಿಂದೆ ಹೋಗಿ ಒಂದೊಂದೇ ಕ್ಯಾಮೆರಾಗೆ ಕೈ ಅಡ್ಡ ಹಿಡೀತೀನಿ. ಯಾರ ಟಿವಿ ಕಪ್ಪಾಯ್ತು ಅಂತ ನೀವಿಬ್ರೂ ಒಬ್ರಿಗೊಬ್ರು ಕೂಗಿ ಹೇಳಿ" ಎಂದ.

"ನಾನು ಅವರನ್ನ ಕೂಗೋದಿಲ್ಲ" ಎಂದೆ.

"ನಾನು ಕೂಗಿದ್ರೆ ಕೇಳಿಸಿಕೊಳ್ಳೋ ಕಿವಿ ಕೆಳಗಡೆ ಇಲ್ಲ" ಎಂಬ ಮಾತು ಮೇಲಿಂದ ಬಂತು.

ಅವನು ಕೈ ಮುಗಿದ. ಎರಡು ಟಿವಿಯಲ್ಲೂ ನಾಲ್ಕು ಚೌಕ, ನಾಲ್ಕರಲ್ಲೂ ಏನೋ ಒಂದು ಕಾಣುತ್ತಿದೆ ಎಂದು ನೋಡಿಕೊಂಡು ಹೊರಟುಹೋದ.

ಮಾರನೇ ದಿನ ಅಂಗಡಿ ತೆಗೆದು ನೋಡುತ್ತೇನೆ, ನನ್ನ ಹಿಂಬಾಗಿಲು ಇರಬೇಕಾದ ಚೌಕದಲ್ಲಿ ಒಂದು ವಾಷಿಂಗ್ ಮಿಷನ್ನು, ಒಂದು ಬೆತ್ತದ ಕುರ್ಚಿ. ಕುರ್ಚಿಯಲ್ಲಿ ಮೇಲಿನವಳು. ಅವಳ ಹಿಂದಿನ ಬಾಲ್ಕನಿ ನನ್ನ ಟಿವಿಗೆ ಬಂದಿತ್ತು. ಅಂದಮೇಲೆ ನನ್ನ ಹಿಂಬಾಗಿಲು ಅವಳ ಟಿವಿಗೆ ಹೋಗಿರಬೇಕು.

ಫೋನ್ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಅವಳು ಎದ್ದಳು. ಬೀದಿಯಲ್ಲಿ ಸೆಟೆದು ನಡೆಯುವ ಮಹಾರಾಣಿ ಅಲ್ಲಿ ಕೋಲೂರಿಕೊಂಡು, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಆಮೇಲೆ ತಲೆಗೆ ಬಣ್ಣ ಹಚ್ಚಿಕೊಂಡಳು. ಒಂದು ಸಲ ಯಾರೂ ಇಲ್ಲದ ಕಡೆ ಕೈ ತಿರುವಿ, ಬೆರಳು ತೋರಿಸಿ ಏನೇನೋ ಅಂದಳು. ನನಗೆ ಹೇಳಬೇಕಾದದ್ದನ್ನು ಅಭ್ಯಾಸ ಮಾಡುತ್ತಿದ್ದಳು, ಇನ್ನೇನು? ಶಬ್ದ ಕೇಳಿಸದ್ದು ನನ್ನ ಪುಣ್ಯ. ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಫೋನ್ ಕೆಳಗಿಟ್ಟೆ. ನಾಳೆ ಕರೆಸಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ.

ಹಿಂಬಾಗಿಲಿನ ಬಗ್ಗೆ ನಾನು ಯೋಚಿಸಲಿಲ್ಲವೆಂದಲ್ಲ. ಅದಕ್ಕೆ ಮೇಲ್ಗಡೆ ಎತ್ತರದಲ್ಲಿ ಚಿಲಕ ಹಾಕಿಸಿದ್ದೆ, ನಮ್ಮನೆಯವರ ಕೈಗೆ ಎಟುಕುವುದಿಲ್ಲ. ಅವಳು ನನ್ನ ಒಗೆಯುವ ಕಲ್ಲನ್ನು ನೋಡಿಕೊಂಡು ಕೂತಿರಲಿ ಎಂದು ನಕ್ಕೆ. ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡಿದವರ ಕತೆ ಚಿಕ್ಕಂದಿನಿಂದ ಕೇಳಿದ್ದೆ. ಅದು ನನ್ನ ಮೂಗಿನ ಕತೆ ಎಂದು ಹೊಳೆಯಲಿಲ್ಲ.

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬಳು ಗಿರಾಕಿ ಬಂದು ಜಗಳ ತೆಗೆದಳು. ಅಳತೆ ಕೊಟ್ಟ ಮೇಲೆ ಮೈ ಬೆಳೆಸಿಕೊಂಡು, ಕತ್ತರಿಸಿದ ನನ್ನನ್ನು ಬೈದರೆ? "ಬಟ್ಟೆ ನಾನು ಹೊಲಿದೆ, ಹೊಟ್ಟೆ ನಾನು ಹೊಲೀಲಿಲ್ಲ" ಎಂದು ಕಳಿಸಿ, ಚಹಾ ಕೊಡಲು ಒಳಗೆ ಹೋದೆ. ಮಂಚ ಖಾಲಿ. ಹಿಂಬಾಗಿಲು ತೆರೆದಿತ್ತು. ಬಾಗಿಲ ಬುಡದಲ್ಲಿ ನನ್ನದೇ ಅಂಗಡಿಯ ಹಳೆಯ ಸ್ಟೂಲು. ನೆನಪು ಹೋದವರಿಗೆ ಬುದ್ಧಿಯೂ ಹೋಗಿರುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಓಣಿಗೆ ಓಡಿದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಯಾವ ಕಡೆ ಹೋದರು, ಎಷ್ಟು ಹೊತ್ತಾಯಿತು, ಒಂದೂ ಗೊತ್ತಿಲ್ಲ. ಮತ್ತೆ ಅಂಗಡಿಗೆ ಓಡಿ ಬಂದು ಟಿವಿ ನೋಡಿದೆ. ಮೂರು ಚೌಕದಲ್ಲಿ ಯಾರೂ ಇಲ್ಲದ ನನ್ನ ಮನೆ. ನಾಲ್ಕನೆಯದರಲ್ಲಿ ಮೇಲಿನವಳು ಕುರ್ಚಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಟಿವಿಯನ್ನು ಎತ್ತಿ ಒಗೆಯಬೇಕೆನಿಸಿತು. ನನಗೆ ಬೇಕಾದದ್ದು ಅವಳ ಹಜಾರದಲ್ಲಿ, ಅವಳ ದೊಡ್ಡ ಟಿವಿಯಲ್ಲಿತ್ತು.

ಮೆಟ್ಟಿಲು ಹತ್ತಿದೆ. ಬಾಗಿಲು ಬಡಿದೆ.

"ಏನು?" ಎಂದಳು. ನಡುವೆ ಯಾರೂ ಇರಲಿಲ್ಲ.

"ನಿಮ್ಮ ಟಿವೀಲಿ ನಮ್ಮ ಹಿಂಬಾಗಿಲು ಬರುತ್ತೆ. ಗೊತ್ತು ನಂಗೆ. ಅವರು ಹೊರಗೆ ಹೋಗಿದಾರೆ, ಯಾವ ಕಡೆ ಹೋದ್ರು ನೋಡ್ಬೇಕು."

"ಗೊತ್ತಿದ್ದೂ ನೀನು ಸುಮ್ನಿದ್ದೆ. ಹಂಗಾದ್ರೆ ನನ್ನ ಬಾಲ್ಕನಿ ನಿನ್ನ ಟಿವೀಲಿದೆ." ಅವಳ ಕೈ ತಾನಾಗಿ ತಲೆಗೂದಲಿಗೆ ಹೋಯಿತು. "ದಿನಾ ಹೋಗ್ತಾನೆ ನಿನ್ನ ಗಂಡ. ನೀನು ಮಿಷನ್ ಮುಂದೆ ಕೂತ ತಕ್ಷಣ ಹಿಂದಿಂದ ಜಾರ್ತಾನೆ. ಬಲಗಡೆ ಮೂಲೆ ತನಕ ಹೋಗಿ ಬಂದು ಬಾಗಿಲು ಹಾಕ್ಕೋತಾನೆ. ನಿನ್ನ ಕಾಟ ತಡೀಲಾರದೆ ಗಾಳಿಗೆ ಹೋಗ್ತಾನೆ ಅಂದ್ಕೊಂಡೆ. ನೋಡಿ ನಗ್ತಿದ್ದೆ."

"ಅವರಿಗೆ ಮರೆವಿನ ಕಾಯಿಲೆ" ಎಂದೆ. "ದಾರಿ ಗೊತ್ತಾಗಲ್ಲ. ಒಂದೊಂದ್ಸಲ ನಾನ್ಯಾರು ಅಂತಾನೂ ಗೊತ್ತಾಗಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಯಾವಾಗಿಂದ?"

"ಒಂದು ವರ್ಷ ಆಯ್ತು."

"ಒಂದು ವರ್ಷ. ಒಂದೇ ಸೂರಿನ ಕೆಳಗಿದ್ದು ನಂಗೆ ಹೇಳಲಿಲ್ಲ. ನೀನು ಮನುಷ್ಯಳಾ?"

"ದಿನಾ ಆಚೆ ಹೋಗೋದು ನೋಡಿ ನೀವು ಹೇಳಿದ್ರಾ?"

ಇಬ್ಬರೂ ಬಾಯಿಗೆ ಬಂದದ್ದು ಅಂದೆವು. ಅನ್ನುತ್ತಲೇ ಅವಳು ರಿಮೋಟ್ ಒತ್ತಿದಳು, ಅನ್ನುತ್ತಲೇ ನಾನು ಅವಳ ಪಕ್ಕ ಕೂತೆ. ಚಿತ್ರ ಹಿಂದಕ್ಕೆ ಓಡಿತು, ನಿಂತಿತು. ನಮ್ಮನೆಯವರು ಬಂದರು. ತಲೆ ಬಾಚಿಕೊಂಡಿದ್ದರು. ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ಕೈಯಲ್ಲಿ ಹಿಡಿ ಇದ್ದ ಹಾಲಿನ ಪಾತ್ರೆ. ಪುಟ್ಟ ಗೇಟು ದಾಟಿ, ಸ್ವಲ್ಪವೂ ಅನುಮಾನಿಸದೆ ಎಡಕ್ಕೆ ತಿರುಗಿದರು. ದೊಡ್ಡ ರಸ್ತೆಯ ಕಡೆಗೆ.

ನಾನು ಓಡಲು ಎದ್ದೆ. ಅವಳು ಮಾತ್ರ ಪಾತ್ರೆಯನ್ನೇ ನೋಡುತ್ತಿದ್ದಳು.

"ಹಾಲಿಗೆ ಹೋಗಿದಾನೆ" ಎಂದಳು. "ಹಳೇ ಹಾಲಿನ ಡೈರಿಗೆ. ನಾನು ಮದುವೆಯಾಗಿ ಬಂದಾಗ ಇವನಿನ್ನೂ ಚಡ್ಡಿ ಹಾಕ್ತಿದ್ದ. ದಿನಾ ನಾನೇ ಕಳಿಸ್ತಿದ್ದೆ."

ಅಂಥ ಡೈರಿ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದವಳು ನಾನು, ಅವರ ಕಾಲು ಎತ್ತ ನಡೆಯುತ್ತದೆ ಎಂದು ಗೊತ್ತಿದ್ದದ್ದು ಇವಳಿಗೆ. ಆಟೋ ಹಿಡಿದು ಹೋದೆವು. ದಾರಿಯುದ್ದಕ್ಕೂ ನಾನು ಲಾರಿಗಳ ಚಕ್ರ ನೋಡುತ್ತಿದ್ದೆ.

ಡೈರಿ ಇದ್ದ ಜಾಗದಲ್ಲಿ ಈಗ ಪೆಟ್ರೋಲ್ ಬಂಕ್. ಸ್ಕೂಟರುಗಳ ಸಾಲಿನಲ್ಲಿ, ಎರಡು ಗಾಡಿಗಳ ನಡುವೆ, ನಮ್ಮನೆಯವರು ಪಾತ್ರೆ ಹಿಡಿದು ನಿಂತಿದ್ದರು. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ. ಪೆಟ್ರೋಲ್ ಹಾಕುವವನು ನಗುತ್ತಿದ್ದ. ಅವನ ಕೆನ್ನೆಗೆ ಬಾರಿಸಲು ಹೊರಟವಳು, ಮೊದಲು ಇವರ ತೋಳು ಹಿಡಿದೆ. ಇವರು ಕೊಸರಿಕೊಂಡರು. ನನ್ನ ಭುಜದಾಚೆ ನೋಡಿದರು, ಮುಖ ಅರಳಿತು.

"ಅತ್ತಿಗೆ, ಹಾಲು ಇನ್ನೂ ಬಂದಿಲ್ವಂತೆ. ನಾನೇನೂ ಆಟ ಆಡ್ತಾ ನಿಂತಿರಲಿಲ್ಲ."

"ಗೊತ್ತು ಕಣೋ. ಬಾ, ಮನೆಗೆ ಹೋಗೋಣ. ನಾಳೆ ತಂದ್ರಾಯ್ತು" ಎಂದಳು ಮೇಲಿನವಳು.

ಆಟೋದಲ್ಲಿ ಅವಳ ಪಕ್ಕ ಕೂತರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಸಿಕ್ಕರಲ್ಲ ಎಂದು ಎದೆ ತಣ್ಣಗಾದದ್ದು ನಿಜ, ಅದರ ಬೆನ್ನಿಗೇ ಹೊಟ್ಟೆ ಉರಿದದ್ದೂ ನಿಜ.

ಗೇಟಿನೊಳಗೆ ಬಂದರು. ನಮ್ಮ ಮುಂಬಾಗಿಲ ಮೆಟ್ಟಿಲ ಹತ್ತಿರ ನಿಂತುಬಿಟ್ಟರು. ನಾನು ಬಾಗಿಲು ತೆರೆದು, "ಬನ್ನಿ" ಎಂದೆ. ಅವರು ಅವಳ ಸೆರಗು ಹಿಡಿದುಕೊಂಡು ಹಿಂದೆ ಸರಿದರು.

"ಬೇಡ ಅತ್ತಿಗೆ. ಈಯಮ್ಮ ನನ್ನನ್ನ ಒಳಗೆ ಹಾಕಿ ಚಿಲಕ ಹಾಕ್ತಾರೆ."

ಮೇಲಿನವಳ ಮುಖದಲ್ಲಿ ಗೆಲುವು ಇದೆಯೇ ಎಂದು ನೋಡಿದೆ. ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ? ನಾನು ಅವಳ ಜಾಗದಲ್ಲಿದ್ದರೆ ಇನ್ನೂ ಹೆಚ್ಚಿರುತ್ತಿತ್ತು.

"ನಿನ್ನ ಹೆಂಡ್ತಿ ಕಣೋ ಅವಳು" ಎಂದಳು.

ಅವರು ನನ್ನನ್ನು ನೋಡಿದರು. ಹೊಸಬರನ್ನು ನೋಡುವ ಹಾಗೆ, ಮರ್ಯಾದೆಯಿಂದ. "ಇರಬಹುದು" ಎಂದರು. "ಒಳ್ಳೆಯವರೇ. ಆದ್ರೆ ನಾನು ಹೋಗಲ್ಲ."

ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ. ಅವಳ ಬಾಯಿ ಮುಚ್ಚಿಸುವುದಕ್ಕೆ ನಾನು ಕೂಡಿಟ್ಟ ಮಾತು ಒಂದು ಮೂಟೆಯಷ್ಟಿತ್ತು. ಅದರಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂಥದ್ದಲ್ಲ.

"ಅಕ್ಕ, ಅವರು ನಿಮ್ಮ ಮಾತು ಕೇಳ್ತಾರೆ" ಎಂದೆ. "ನೀವೇ ಒಳಗೆ ಕರ್ಕೊಂಡು ಬನ್ನಿ."

ಅವಳು ಅವರ ಕೈಯಿಂದ ಹಾಲಿನ ಪಾತ್ರೆ ತೆಗೆದುಕೊಂಡಳು. ಅದನ್ನು ನನ್ನ ಕೈಗೆ ಕೊಟ್ಟಳು. ಚಪ್ಪಲಿ ಬಿಟ್ಟು, ಅವರ ಕೈ ಹಿಡಿದು, ನನ್ನ ಹೊಸ್ತಿಲು ದಾಟಿ ಒಳಗೆ ಹೋದಳು. ಅವರು ತಲೆ ತಗ್ಗಿಸಿ ಅವಳ ಹಿಂದೆ ಹೋದರು. ನನ್ನ ಮನೆಗೆ ನಾನು ಕೊನೆಯಲ್ಲಿ ಹೋದೆ.