ಎಮ್ಮೆಲ್ಲೆ ಸಾಹೇಬರ ಒಂದು ಪೀರಿಯಡ್

ನನ್ನ ಗಂಡನಿಗೆ ನಾನೇ ಹೂಗುಚ್ಛ ಕೊಟ್ಟು ಸ್ವಾಗತಿಸಬೇಕು ಅಂತ ಹೆಡ್‌ಮಾಸ್ಟರ್ ಜಯಪ್ರಕಾಶ್ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. "ದಿನಾ ಮನೇಲಿ ನೋಡೋ ಮುಖ ಸಾರ್, ಅದಕ್ಕೆ ಹೂವು ಬೇರೆ ಕೊಡಬೇಕಾ?" ಅಂದೆ. ಅವರು ನಗಲಿಲ್ಲ. ಎಮ್ಮೆಲ್ಲೆ ಬರುವ ದಿನ ಹೆಡ್‌ಮಾಸ್ಟರುಗಳು ನಗುವುದಿಲ್ಲ. "ಪ್ರೋಟೋಕಾಲ್ ಕುಸುಮ ಮೇಡಂ" ಅಂದರು.

ದಿನಾ ನೋಡೋ ಮುಖ ಅಂದದ್ದೂ ಪೂರ್ತಿ ನಿಜವಲ್ಲ. ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಬೆಳಗಾಗುವ ಹೊತ್ತಿಗೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ವರ್ಗಾವಣೆ ಬೇಕಾದವರು, ಪಿಂಚಣಿ ನಿಂತವರು, ಮಗಳ ಮದುವೆಗೆ ಕರೆಯಲು ಬಂದವರು, ಏನೂ ಕೆಲಸವಿಲ್ಲದೆ ಮುಖ ತೋರಿಸಿ ಹೋಗುವವರು. ನನ್ನ ಗಂಡನ ಜೊತೆ ಗ್ಯಾಸ್ ಸಿಲಿಂಡರಿನ ವಿಷಯ ಮಾತಾಡಬೇಕೆಂದರೆ ನಾನೂ ಆ ಸಾಲಿನ ಹಿಂದೆ ನಿಲ್ಲಬೇಕು.

ರಘುನಂದನ್ ಅಂದರೆ ಜನರಿಗೆ ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತಿರುವ ಶಾಸಕರು. ನನಗೆ ಮಾತ್ರ ದುದ್ದದ ಆಚೆಗಿರುವ ಇದೇ ಹೈಸ್ಕೂಲಿನ ಗಣಿತದ ಮೇಷ್ಟ್ರು. ನಾನು ಇಲ್ಲಿ ಕನ್ನಡದ ಟೀಚರು, ಈಗಲೂ. ಒಂದು ಮಳೆಗಾಲ ಶಾಲೆಯ ದಾರಿಯ ಸೇತುವೆ ಕುಸಿದು, ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಇವರು ಮಕ್ಕಳನ್ನೆಲ್ಲ ಲಾರಿಗೆ ಹತ್ತಿಸಿಕೊಂಡು ಹೋಗಿ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರಿಸಿ ರೇಖಾಗಣಿತದ ಪಾಠ ಮಾಡಿದರು. ಸೇತುವೆ ಆಯಿತು. ಅದರ ಜೊತೆಗೆ ಇವರ ಹೆಸರೂ ಆಯಿತು. ಹಳೇ ವಿದ್ಯಾರ್ಥಿಗಳೆಲ್ಲ ಬಂದು ಜಿಲ್ಲಾ ಪಂಚಾಯ್ತಿಗೆ ನಿಲ್ಲಿ ಸಾರ್ ಅಂದರು. ಕೆಲಸಕ್ಕೆ ರಾಜೀನಾಮೆ ಕೊಟ್ಟು ನಿಂತರು, ಗೆದ್ದರು. ಆಮೇಲೆ ಎರಡು ಸಲ ಎಮ್ಮೆಲ್ಲೆ. ಸೇತುವೆ ಕಟ್ಟಿಸಿದ್ದಕ್ಕೆ ನಾನು ಹೆಮ್ಮೆ ಪಟ್ಟೆ. ಆ ಸೇತುವೆ ದಾಟಿ ಇವರು ಇಷ್ಟು ದೂರ ಹೋಗಿಬಿಡುತ್ತಾರೆ ಅಂತ ಗೊತ್ತಿರಲಿಲ್ಲ.

ಮದುವೆಯಾದ ಹೊಸದರಲ್ಲಿ, ಈ ಶಾಲೆಗೆ ಬರುವ ಮೊದಲು, ನಾವಿಬ್ಬರೂ ಮಳವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಸಂಜೆ ಎದುರುಬದುರು ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆವು. ಹುಡುಗರು ಬರೆದ ತಪ್ಪು ಲೆಕ್ಕಗಳನ್ನು ಇವರು ನನಗೆ ಓದಿ ಹೇಳುವರು, ನಾನು ಹಸುವಿನ ಪ್ರಬಂಧಗಳನ್ನು ಓದಿ ಹೇಳುವೆ. ಬಿದ್ದು ಬಿದ್ದು ನಗುತ್ತಿದ್ದೆವು. ಮೇಜು ಎಷ್ಟು ಚಿಕ್ಕದೆಂದರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ನನಗೆ ಆ ಮನುಷ್ಯ ಬೇಕು. ಗಂಡ ಅದೇ ಮನೆಯಲ್ಲಿ ಓಡಾಡಿಕೊಂಡಿರುವಾಗ ಅವನೇ ಬೇಕು ಅಂತ ಅನ್ನಿಸುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಹೋದ ಭಾನುವಾರ ಇವರೇ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತರು. "ಸಾಕಾಗೋಗದೆ ಕಣೇ. ನಾನು ಏನ್ ಅಂದ್ರೂ ಊಂ ಸಾರ್ ಅಂತಾರೆ. ಕಾಗೆ ಬೆಳ್ಳಗದೆ ಅಂದ್ರೂ ಊಂ ಸಾರ್" ಅಂದರು. ಮುಂದಿನ ಚುನಾವಣೆಗೆ ನಿಲ್ಲುತ್ತೀರಾ ಇಲ್ಲವಾ ಅಂತ ಪಕ್ಷದವರು ಉತ್ತರ ಕೇಳಿದ್ದರು. "ನಿಮ್ ಸ್ಕೂಲಿಗೆ ಹೊಸ ರೂಮು ಓಪನ್ ಮಾಡಕ್ ಬತ್ತೀನಲ್ಲ, ಅಂಗೇ ಅತ್ತನೇ ಕ್ಲಾಸಿಗೆ ಒಂದು ಪೀರಿಯಡ್ ತಗೋತೀನಿ. ಮಕ್ಳು ಮಕ್ಳಂಗೆ ಇದ್ದು, ನಾನು ಮೇಷ್ಟ್ರಂಗೆ ಇದ್ರೆ, ಟಿಕೆಟ್ ಬ್ಯಾಡ ಅಂದ್ಬುಡ್ತೀನಿ. ಬಡಮಕ್ಳಿಗೆ ಲೆಕ್ಕ ಏಳ್ಕೊಟ್ಕೊಂಡು ಇದ್ಬುಡೋಣ."

ಒಲೆಯ ಮೇಲಿನ ಸಾರು ಉಕ್ಕಿದ್ದು ನನಗೆ ಕಾಣಲೇ ಇಲ್ಲ. ಅವತ್ತಿನಿಂದ ನಾನು ಆ ಪೀರಿಯಡ್‌ಗಾಗಿ ಕಾದೆ. ರಿಟೈರಾಗಲು ಹತ್ತಿರವಾದ ಹೆಂಗಸು ಹೀಗೆ ಕಾಯುವುದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೂಗುಚ್ಛ ಕೊಟ್ಟೆ. ಇವರು ಗಂಭೀರವಾಗಿ "ಧನ್ಯವಾದ ಮೇಡಂ" ಅಂದರು, ಕಣ್ಣಲ್ಲಿ ಮಾತ್ರ ತುಂಟತನ ಇತ್ತು. ಟೇಪು ಕತ್ತರಿಸಿದ್ದು, ಶಾಲು, ಪೇಟ, ಭಾಷಣ ಎಲ್ಲ ಮುಗಿದ ಮೇಲೆ ಪಿ.ಎ.ಯನ್ನು ಹೊರಗೇ ನಿಲ್ಲಿಸಿ ಕ್ಲಾಸಿಗೆ ಬಂದರು. ಮದ್ದೂರಿನಲ್ಲಿ ಇನ್ನೊಂದು ಸಭೆ ಇತ್ತು, ಪಿ.ಎ. ಮುಖ ಗಂಟು ಹಾಕಿಕೊಂಡ. ಜಯಪ್ರಕಾಶ್ ಬಾಗಿಲ ಹತ್ತಿರ ಕೈ ಕಟ್ಟಿ ನಿಂತರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಮಕ್ಕಳು ಎದ್ದು ಚಪ್ಪಾಳೆ ತಟ್ಟಿದರು, ಎರಡು ದಿನ ಅಭ್ಯಾಸ ಮಾಡಿಸಿದ್ದ ಚಪ್ಪಾಳೆ ಅದು. ಇವರು ಸೀಮೆಸುಣ್ಣ ತಗೊಂಡು ಬೋರ್ಡಿನ ಮೇಲೆ ವರ್ಗ ಸಮೀಕರಣ ಅಂತ ಬರೆದರು. ಅಕ್ಷರ ಹಾಗೇ ಇತ್ತು. ನನ್ನ ಕಣ್ಣು ಮಂಜಾಯಿತು. ಹಿಂದಿನ ಸಾಲಿನ ಹುಡುಗನೊಬ್ಬನನ್ನು ಎಬ್ಬಿಸಿ ಸೂತ್ರ ಕೇಳಿದರು. ಅವನು ಗೊಣಗಿದ್ದಕ್ಕೆ, "ಯಾಕ್ಲಾ, ಬೆಳಿಗ್ಗೆ ಮುದ್ದೆ ಉಂಡಿಲ್ವಾ, ಗಟ್ಟಿಯಾಗಿ ಏಳು" ಅಂದರು. ಕ್ಲಾಸು ನಕ್ಕಿತು. ಅವನು ಗಟ್ಟಿಯಾಗಿ ಹೇಳಿದ, ಸರಿಯಾಗಿಯೂ ಹೇಳಿದ. ಬಂದರು, ನನ್ನ ಮೇಷ್ಟ್ರು ಬಂದರು ಅಂದುಕೊಂಡೆ.

ಲೆಕ್ಕ ಕೊನೆಯ ಹಂತಕ್ಕೆ ಬಂತು. ಎಕ್ಸ್ ಮೈನಸ್ ನಾಲ್ಕು ಸಮ ಸೊನ್ನೆ ಅಂತ ಬರೆದರು. ಅದರ ಕೆಳಗೆ ಎಕ್ಸ್ ಸಮ ಮೈನಸ್ ನಾಲ್ಕು ಅಂತ ಬರೆದರು. ಅದು ತಪ್ಪು. ಆಚೆ ಪಕ್ಕಕ್ಕೆ ದಾಟಿದಾಗ ಮೈನಸ್ಸು ಪ್ಲಸ್ಸಾಗಬೇಕು. ಆಗ ಅಷ್ಟು ವರ್ಷ ಪಕ್ಕದ ರೂಮಿನಲ್ಲಿ ಇವರ ಗಂಟಲು ಕೇಳಿಸಿಕೊಂಡ ಕನ್ನಡದ ಟೀಚರಿಗೂ ಅಷ್ಟು ಗೊತ್ತು. ನಾನು ಒಳಗೊಳಗೇ ನಕ್ಕೆ. ಇದು ಇವರ ಹಳೇ ಆಟ. ಬೇಕೆಂದೇ ಒಂದು ತಪ್ಪು ಬರೆದು, ಏನೂ ಗೊತ್ತಿಲ್ಲದವರ ಹಾಗೆ ಕಿಟಕಿಯ ಕಡೆ ತಿರುಗಿ ನಿಲ್ಲುವುದು. ಯಾವುದಾದರೂ ಮಗು "ಸಾ, ತಪ್ಪು" ಅಂತ ಕೂಗುವವರೆಗೆ ಕಾಯುವುದು. ಕೂಗಿದ ಮಗುವನ್ನು ಬೋರ್ಡಿಗೆ ಕರೆದು ಅದರ ಕೈಯಲ್ಲೇ ಸರಿ ಮಾಡಿಸುವುದು.

ಇವರು ಕಿಟಕಿಯ ಕಡೆ ತಿರುಗಿ ನಿಂತರು. ಮಕ್ಕಳು ಬಗ್ಗಿಕೊಂಡು ಬರೆದುಕೊಳ್ಳುತ್ತಿದ್ದರು. ಜಯಪ್ರಕಾಶ್ ವಿಜ್ಞಾನ ಓದಿದವರು, ಅವರಿಗೂ ಕಂಡಿರಬೇಕು, ಆದರೂ ತಲೆಯಾಡಿಸುತ್ತಲೇ ಇದ್ದರು. ಹೇಳ್ರೋ ಯಾರಾದರೂ, ಬಾಯಿ ಬಿಡ್ರೋ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಾನೇ ಹೇಳಿಬಿಡಬಹುದಿತ್ತು. ಆದರೆ ದೊಡ್ಡವರು ಹೇಳಿದರೆ ಆಟ ಕೆಡುತ್ತದೆ.

ಆಗ ಮುಂದಿನ ಬೆಂಚಿನ ರಂಜಿತ ಬೋರ್ಡು ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಬೋರ್ಡು ನೋಡಿ ಕೈ ಎತ್ತಿದಳು. ನಾನು ಬೆಂಚಿನ ತುದಿಗೆ ಸರಿದೆ.

"ಸಾ, ನಮ್ ಬೇವಿನಕೊಪ್ಪಲಿಗೆ ಬೆಳಿಗ್ಗೆ ಬತ್ತಿದ್ದ ಬಸ್ಸು ನಿಂತೋಗದೆ. ನಡ್ಕಂಡ್ ಬರೋಷ್ಟ್ರಲ್ಲಿ ಫಸ್ಟ್ ಪೀರಿಯಡ್ ಮುಗ್ದೋಗಿರ್ತದೆ ಸಾ. ಎಣ್ಮಕ್ಳೆಲ್ಲ ಸ್ಕೂಲ್ ಬುಡ್ತಾವ್ರೆ."

ಇವರು ತಿರುಗಿದರು. ಸೀಮೆಸುಣ್ಣ ಕೆಳಗಿಟ್ಟು ಫೋನು ತೆಗೆದರು. ಡಿಪೋ ಮ್ಯಾನೇಜರ್ ಜೊತೆ ಅಲ್ಲೇ ಮಾತಾಡಿದರು. ಗದರಲಿಲ್ಲ, ಆದರೆ ಬಿಡಲೂ ಇಲ್ಲ. ಊರಿನ ಹೆಸರು, ಹಳೆಯ ರೂಟು, ಮಕ್ಕಳು ಎಲ್ಲಿ ಕಾಯುತ್ತಾರೆ, ಎಲ್ಲ ಬಾಯಲ್ಲೇ ಇತ್ತು. "ಸೋಮವಾರದಿಂದ ಬತ್ತದೆ ಕಣಮ್ಮ" ಅಂದರು. ಮಕ್ಕಳು ಚಪ್ಪಾಳೆ ಹೊಡೆದರು. ಇದು ಯಾರೂ ಅಭ್ಯಾಸ ಮಾಡಿಸಿದ್ದಲ್ಲ. ಗಂಟೆ ಹೊಡೆಯಿತು.

ಮದ್ದೂರಿಗೆ ಹೋಗುವ ದಾರಿಯಲ್ಲಿ ನನ್ನನ್ನು ಮನೆಗೆ ಬಿಡುತ್ತೇನೆಂದು ಕಾರಿಗೆ ಹತ್ತಿಸಿಕೊಂಡರು. ಪಿ.ಎ. ಮುಂದಿನ ಗಾಡಿಯಲ್ಲಿ ಹೋದ. ಡ್ರೈವರ್ ಮಾದಯ್ಯ ಇದ್ದಾನೆ ಅಂತಲೂ ನೋಡದೆ ಇವರು ನನ್ನ ಕೈ ಹಿಡಿದುಕೊಂಡರು. ಬೆರಳಿಗೆಲ್ಲ ಸೀಮೆಸುಣ್ಣ ಮೆತ್ತಿತ್ತು.

"ಪಾಠ ಇನ್ನೂ ಬತ್ತದೆ ಕಣೇ ನಂಗೆ" ಅಂದರು. "ಆ ಉಡುಗಿ ಎಂಗೆ ಕೇಳುದ್ಲು ನೋಡು, ಒಸಿನೂ ಎದ್ರಲಿಲ್ಲ. ನಾಳೆನೇ ಓಗಿ ಟಿಕೆಟ್ ಬ್ಯಾಡ ಅಂತ ಏಳ್ಬುಡ್ತೀನಿ."

ನನಗೆ ಅಳು ಬಂತು, ಅಳುತ್ತಲೇ ನಕ್ಕೆ. ಒಂದು ಚಿಕ್ಕ ಮೇಜು ಮಾಡಿಸಬೇಕು ಅಂತ ಯೋಚಿಸಿದೆ. ಆ ಖುಷಿಯಲ್ಲೇ ಬಾಯಿ ಜಾರಿತು. "ಅಷ್ಟೊತ್ತು ಕಾದ್ರಲ್ಲ, ಒಬ್ಬರೂ ತಪ್ಪು ಅಂತ ಹೇಳಲಿಲ್ಲ. ಬರೋವಾಗ ನೀವೇ ಸರಿ ಮಾಡಿ ಬರಬಾರದಿತ್ತಾ?"

"ಯಾವ ತಪ್ಪು?" ಅಂದರು.

ನಾನು ಅವರ ಮುಖ ನೋಡಿದೆ. ಆಟವಾಡುತ್ತಿರಲಿಲ್ಲ.

ಏನಿಲ್ಲ ಬಿಡಿ ಅಂದಿದ್ದರೆ ಮುಗಿಯುತ್ತಿತ್ತು. ನಾಳೆ ಇವರು ಬೇಡ ಅಂದು ಮನೆಗೆ ಬರುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ಕ್ಲಾಸಿನ ಮಕ್ಕಳ ಪುಸ್ತಕದಲ್ಲಿ ಆ ಸಾಲು ಇದೆ, ಅದನ್ನೇ ಕಲಿಯುತ್ತವೆ, ಮುಂದೆ ಪರೀಕ್ಷೆ ಇದೆ. ಹಾಳು ಟೀಚರ್ ಬುದ್ಧಿ. ಹೇಳಿದೆ.

ಇವರು ನನ್ನ ಕೈ ಬಿಟ್ಟು, ಬೆರಳಿನಿಂದ ತೊಡೆಯ ಮೇಲೆ ಆ ಸಾಲನ್ನು ಬರೆದುಕೊಂಡರು. ಇನ್ನೊಂದು ಸಲ ಬರೆದರು.

"ನೀನಾದ್ರೂ ಅಲ್ಲೇ ಏಳ್ಬೋದಿತ್ತಲ್ಲ" ಅಂದರು. ದನಿಯಲ್ಲಿ ಕೋಪ ಇರಲಿಲ್ಲ.

"ಕಿಟಕಿ ಕಡೆ ತಿರುಗಿದ್ರಲ್ಲ, ಕಾಯ್ತಿದ್ದೀರ ಅಂದ್ಕೊಂಡೆ."

"ಇಲ್ಲ ಕಣೇ. ಮದ್ದೂರಿಗೆ ಒತ್ತಾಯ್ತೇನೋ ಅಂತ ಗಾಡಿ ನೋಡ್ತಿದ್ದೆ."

ಮಂಡ್ಯ ಬರುವವರೆಗೆ ಇವರು ಬೆರಳಿನ ಸೀಮೆಸುಣ್ಣ ಒರೆಸಿಕೊಳ್ಳುತ್ತಲೇ ಇದ್ದರು. ಗುತ್ತಲಿನಲ್ಲಿ ನಾನು ಇಳಿದಾಗ ಇವರು ಕಿಟಕಿಯ ಗಾಜು ಇಳಿಸಿದರು. "ನಾಳೆ ಮಕ್ಳಿಗೆ ನೀನೇ ಸರಿಯಾಗಿ ಏಳ್ಬುಡು, ನಾನು ತಪ್ಪು ಬರ್ದಿದ್ದೆ ಅಂತಾನೇ ಏಳು" ಅಂದರು. ಗಾಜು ಏರಿಸುವ ಮೊದಲು, "ಇದೊಂದ್ಸಲ ನಿಂತ್ಕೋತೀನಿ ಬುಡು ಕುಸುಮ. ನಂಗೆ ಈಗ ಬರೋ ಕೆಲಸ ಇದೊಂದೇಯ" ಅಂದರು. ಕಾರು ಮದ್ದೂರಿನ ಕಡೆ ಹೊರಟಿತು. ನಾನು ಬಾಗಿಲ ಬೀಗ ತೆಗೆಯದೆ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ.

ಮಾರನೆಯ ದಿನ ಲೆಕ್ಕ ತಿದ್ದಿಸಿದೆ. ಕ್ಲಾಸು ಮುಗಿದ ಮೇಲೆ ರಂಜಿತ ನನ್ನ ಹಿಂದೆಯೇ ಬಂದು ನಿಂತಳು.

"ನಂಗ್ ಗೊತ್ತಿತ್ತು ಮಿಸ್, ತಪ್ಪು ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು. "ನೀವು ತಪ್ಪು ಬರ್ದಿದ್ದೀರಿ ಸಾ ಅಂದ್ಬುಟ್ಟು ಅಮ್ಯಾಕೆ ಬಸ್ಸು ಕೇಳಕ್ಕಾಯ್ತದಾ ಮಿಸ್? ಎಲ್ಡ್ರಲ್ಲಿ ಒಂದೇ ಕೇಳ್ಬೋದಿತ್ತು."

ತಪ್ಪು ಅಂದಿದ್ದರೆ ಆ ಮನುಷ್ಯ ಎಷ್ಟು ಸಂತೋಷಪಡುತ್ತಿದ್ದರು, ಅವಳನ್ನು ಬೋರ್ಡಿಗೆ ಕರೆದು ಹೇಗೆ ಬೆನ್ನು ತಟ್ಟುತ್ತಿದ್ದರು, ಅವತ್ತೇ ಸಂಜೆ ಹೇಗೆ ನನ್ನ ಮನೆಗೆ ವಾಪಸು ಬರುತ್ತಿದ್ದರು ಅನ್ನುವುದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? "ಒಳ್ಳೇದೇ ಮಾಡಿದೆ ಕಣಮ್ಮ, ಹೋಗು" ಅಂದೆ.

ಸೋಮವಾರ ಬೇವಿನಕೊಪ್ಪಲಿನ ಮಕ್ಕಳೆಲ್ಲ ಫಸ್ಟ್ ಪೀರಿಯಡ್‌ಗೇ ಬಂದು ಕೂತಿದ್ದರು. ನೋಡಿ ಸಂತೋಷವಾಯಿತು, ಸುಳ್ಳಲ್ಲ. ಹಾಜರಿ ಕರೆದೆ. ರಂಜಿತ ಎದ್ದು ನಿಂತು "ಎಸ್ ಮಿಸ್" ಅಂದಾಗ, ನನಗೆ ಮೊಮ್ಮಗಳಾಗಬಹುದಾದ ವಯಸ್ಸಿನ ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವಳು ಕೈ ಎತ್ತಿ ಕೇಳಿದ್ದು ಅವಳಿಗೆ ಸಿಕ್ಕಿತ್ತು.